ಬಾಗುಗೋಡೆ

ಪೊಜ್ನಾನಿನ ಹೊರವಲಯದ ಶೆಡ್ಡಿನಲ್ಲಿ
ನಾನು ಗೆರೆ ಎಳೆಯುವವಳು, ವಾಲೆಂತಿ ಕೊಯ್ಯುವವನು.
ನನ್ನ ಪರದೆಯ ಮೇಲೆ ಮರಕ್ಕೆ ತೂಕವಿಲ್ಲ,
ಗಂಟಿಲ್ಲ, ಥಂಡಿಗೆ ಉಬ್ಬುವ ಚಾಳಿಯಿಲ್ಲ.
ಅಲ್ಲಿ ಬೂದುಬಣ್ಣದ ಮನುಷ್ಯರನ್ನು ನಿಲ್ಲಿಸುತ್ತೇನೆ,
ಮುಖವಿಲ್ಲದವರು,
ಎಲ್ಲರೂ ನೂರ ಎಪ್ಪತ್ತೈದು ಸೆಂಟಿಮೀಟರು,
ಕೈಯಲ್ಲಿ ಎಂದೂ ಆರದ ಕಾಫಿ.
ಗಿರಾಕಿಗೆ ಎತ್ತರದ ಅಂದಾಜು ಸಿಗಲೆಂದು.

ಆ ಸಲದ ಗಿರಾಕಿ ನೀರಿನ ಪಂಪಿನ ಕಂಪನಿ.
ಮೂರು ವಾರ ಪತ್ರದ ಮೇಲೆ ಪತ್ರ:
ಗೋಡೆ ಹರಿಯಬೇಕು, ಆದರೆ ಒದ್ದೆ ಅನಿಸಬಾರದು.
ನೀಲಿ ಇನ್ನೂ ಸ್ವಲ್ಪ ಪ್ರಾಮಾಣಿಕವಾಗಿರಲಿ.
ಹನ್ನೊಂದು ಸಲ ತಿದ್ದಿದೆ.
ಹನ್ನೆರಡನೆಯ ಸಲ ಮೊದಲನೆಯದನ್ನೇ ಕಳಿಸಿದೆ.
ಈಗ ಸರಿಹೋಯಿತು, ಅಂದರು.

ವಾಲೆಂತಿ ಕನ್ನಡಕದ ಮೇಲಿಂದ ನಕ್ಷೆ ನೋಡಿದ.
"ಇದು ಬಾಗುವ ಜಾತಿಯ ಹಲಗೆಯಲ್ಲ."
ಅಂದವನೇ ಅದರ ಬೆನ್ನಿಗೆ ಬೆರಳಗಲಕ್ಕೊಂದು ಗೀರು ಹಾಕಿ,
ಬಿಸಿನೀರಲ್ಲಿ ಅದ್ದಿದ ಬಟ್ಟೆ ಹೊದಿಸಿ,
ಮುನಿಸಿಕೊಂಡ ಕೂಸನ್ನು ಊಟಕ್ಕೆ ಕರೆವಂತೆ
ಒಂದಿಡೀ ಮಧ್ಯಾಹ್ನ ಬಾಗಿಸಿದ.
ಯಾರೂ ನೋಡದ ಒಳಮೈಗೆ ಪೆನ್ಸಿಲಿನಲ್ಲಿ ಬರೆದ:
ಹದಿನೇಳು, ಎಡಕ್ಕೆ. ಎತ್ತುವಾಗ ಜೋಪಾನ.

ಹಾನೋವರಿನಲ್ಲಿ ರಾತ್ರಿ ಎರಡು ಗಂಟೆ.
ವಿಮಾನ ನುಂಗಿ ತೇಗುವಷ್ಟು ದೊಡ್ಡ ಹಾಲು,
ಜಮಖಾನದ ಮೇಲೆ ಇನ್ನೂ ಪ್ಲಾಸ್ಟಿಕ್ಕಿನ ಪೊರೆ.
ಪಕ್ಕದ ಮಳಿಗೆಯ ತುರ್ಕಿ ಹುಡುಗರು ಏಣಿ ಕಡ ಒಯ್ದು
ಖರ್ಜೂರದ ಜೊತೆ ವಾಪಸು ತಂದರು.
ನಾಲ್ಕಕ್ಕೆ ಕಂಪನಿಯ ಫ್ರಾವ್ ಐಲರ್ಸ್ ಬಂದು
ಗೋಡೆ ಸವರಿ, ನನ್ನ ಕೈ ಕುಲುಕಿ,
"ಚಿತ್ರದಲ್ಲಿದ್ದ ಹಾಗೇ ಇದೆ" ಅಂದಳು.
ವಾಲೆಂತಿಗೆ ಜರ್ಮನ್ ಬರುತ್ತದೆ.
ಬಾರದವನಂತೆ ತಿರುಪು ಎಣಿಸುತ್ತಿದ್ದ.

ನಾಲ್ಕು ದಿನ ಜನ ಬಂದರು.
ಒಬ್ಬರೂ ನನ್ನ ಅಳತೆಯವರಲ್ಲ.
ಮುಖವಿತ್ತು, ಮಂಡಿನೋವಿತ್ತು, ಕಾಫಿ ಆರುತ್ತಿತ್ತು.
ಹರಿಯುವ ಗೋಡೆಗೆ ಒರಗಿ
ಫೋನಿಗೆ ಚಾರ್ಜು ಎಲ್ಲಿ ಸಿಗುತ್ತದೆಂದು ಕೇಳಿದರು.
ಕೊನೆಯ ಸಂಜೆ ಆರಕ್ಕೆ ಗಂಟೆ ಬಾರಿಸಿತು.
ಆರೂಕಾಲಿಗೆ ಬಾಡಿಗೆಯ ಗಿಡಗಳು ಹೊರಟವು,
ಏಳಕ್ಕೆ ದೀಪ, ಎಂಟಕ್ಕೆ ಕಂಪನಿಯ ಹೆಸರು.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ.
ಇಲ್ಲಿ ದೊಣ್ಣೆಯೂ ಕುಂಬಾರನ ಕೈಗೇ,
ರಾತ್ರಿಪಾಳಿಗೆ ಒಂದೂವರೆ ಕೂಲಿ.
ನಾನು ರೈಲು ಹತ್ತಿದೆ. ಕೆಡವುವುದನ್ನು ನೋಡುವುದು
ನನ್ನ ಕರಾರಿನಲ್ಲಿಲ್ಲ.

ಆರು ವರ್ಷದ ಮೇಲೆ ವಾಲೆಂತಿಗೆ ಸೊಂಟ ಹಿಡಿಯಿತು.
ಪಿಂಚಣಿ ಕಾಗದಕ್ಕೆ ರುಜು ಬೇಕಿತ್ತು,
ಬೀಟ್‌ರೂಟ್ ಹೊಲಗಳ ನಡುವಿನ ಅವನ ಮನೆಗೆ ಹೋದೆ.
ಅಡುಗೆಮನೆ ಕಪಾಟಿಗೆ ಟೂತ್‌ಪೇಸ್ಟಿನ ಹಸಿರು,
ಮೆಟ್ಟಿಲಿಗೆ ವಿಮೆ ಕಂಪನಿಯ ಕೆಂಪು ಜಮಖಾನ,
ಮಗಳು ಓದುವ ಮೇಜಿನ ಅಡಿಯಲ್ಲಿ
ಯಾವುದೋ ಬ್ಯಾಂಕಿನ ಅರ್ಧ ಅಕ್ಷರ.
ಹಿತ್ತಲಲ್ಲಿ ನನ್ನ ಗೋಡೆ.

ಬುಡಕ್ಕೆ ಡಾಂಬರು ಬಳಿದಿದ್ದ.
ಪಾಚಿ ಹತ್ತಿ ಈಗ ನಿಜಕ್ಕೂ ಒದ್ದೆ.
ನೀಲಿ ಬಿಸಿಲಿಗೆ ಮಾಸಿ ಮಾಸಿ
ಕೊನೆಗೂ ಪ್ರಾಮಾಣಿಕವಾಗಿತ್ತು.
ಒಳಗೆ ಹದಿನಾಲ್ಕು ಕೋಳಿ.
"ಬಾಗಿದ್ದು ಒಳ್ಳೆಯದೇ ಆಯಿತು," ಅಂದ,
"ಗಾಳಿ ಜಾರಿಹೋಗುತ್ತದೆ.
ಮೂಲೆಯಿಲ್ಲ, ಹೇನು ಕೂರುವುದಿಲ್ಲ."

ಇನ್ನೂರ ಹತ್ತು ಮಳಿಗೆ ಬರೆದಿದ್ದೇನೆ.
ನಿಂತಿರುವುದು ಇದೊಂದು.
ಬಗ್ಗಿ ಇಣುಕಿದೆ. ಕಾವಿಗೆ ಕೂತ ಹೇಂಟೆ ಕೆಕ್ಕರಿಸಿತು,
ಅದರ ತಲೆಯ ಮೇಲೆ ಪೆನ್ಸಿಲು, ಅಷ್ಟೂ ಮಾಸದೆ:
ಎತ್ತುವಾಗ ಜೋಪಾನ.
ವಾಲೆಂತಿ ರುಜುವಿಗೆ ಪೆನ್ನು ಹುಡುಕುತ್ತ
ಪಕ್ಕದ ಗೂಡಿನಿಂದ ಬಿಸಿ ಆರದ ಮೊಟ್ಟೆಯೊಂದನ್ನು
ನನ್ನ ಕೈಗೆ ದಾಟಿಸಿದ.